ನಾಳೆಯಿಲ್ಲವೆಂದು ನಂಬಿದವರ ಕರ್ತವ್ಯ

ಲೋಕವು ಇಂಥ ದಿನವೇ ಮುಗಿಯುವುದೆಂದು ಒಬ್ಬ ಗೃಹಸ್ಥನಿಗೆ ಸಂಶಯಾತೀತವಾಗಿ ತೋರಿದರೆ ಅವನು ಮುಂದಿನ ಬಿತ್ತನೆಗೆಂದು ಬೀಜವನ್ನು ಕಾಯ್ದಿರಿಸಬೇಕೆ? ಕೊಡಬೇಕಾದ ಸಾಲವನ್ನು ತೀರಿಸಬೇಕೆ? ಬರಬೇಕಾದ ಸಾಲವನ್ನು ಬಿಟ್ಟುಬಿಡಬೇಕೆ? ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಮುಂದುವರಿಸಬೇಕೆ? ಇದು ತರ್ಕಪ್ರಿಯರ ವಿನೋದದ ಪ್ರಶ್ನೆಯೆಂದು ತೋರಬಹುದು. ಆದರೆ 1844ನೆಯ ಇಸವಿಯ ಶರತ್ಕಾಲದಲ್ಲಿ ಅಮೆರಿಕದ ಈಶಾನ್ಯ ಪ್ರಾಂತಗಳ ಸಹಸ್ರಾರು ಕುಟುಂಬಗಳು ಈ ಪ್ರಶ್ನೆಯನ್ನು ನಿಜವಾಗಿಯೇ ಎದುರಿಸಿದುವು. ಅದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಲ್ಲ, ಹೊಲದಲ್ಲಿಯೂ ಅಂಗಡಿಯಲ್ಲಿಯೂ ಕೊಟ್ಟುವು.

ಯೇಸುಕ್ರಿಸ್ತನು ಮಹಿಮೆಯೊಡನೆ ಮತ್ತೆ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸುವನೆಂಬುದು ಕ್ರೈಸ್ತಮತದ ಮೂಲ ವಿಶ್ವಾಸಗಳಲ್ಲೊಂದು. ರೋಮನ್ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಪೂರ್ವದೇಶಗಳ ಪ್ರಾಚೀನ ಸಭೆಗಳು ಇವರೆಲ್ಲರಿಗೂ ಇದು ಸಮಾನವಾದುದು. ಭೇದವಿರುವುದು ಅದು ಯಾವಾಗ, ಯಾವ ಕ್ರಮದಲ್ಲಿ ಎಂಬುದರಲ್ಲಿ. ಮತ್ತಾಯನ ಸುವಾರ್ತೆಯ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಯೇಸುವೇ ಆ ದಿನವನ್ನೂ ಗಳಿಗೆಯನ್ನೂ ಯಾರೂ ಅರಿಯರೆಂದು, ದೇವದೂತರಿಗೂ ಅದು ತಿಳಿಯದೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಮುಂದಿನ ಅಧ್ಯಾಯದಲ್ಲಿ ಅದೇ ನ್ಯಾಯತೀರ್ಪಿನ ಚಿತ್ರವಿದೆ. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಜನರು ಅಲ್ಲಿ ಬೇರ್ಪಡುತ್ತಾರೆ. ಅವರನ್ನು ಕೇಳುವ ಪ್ರಶ್ನೆ ಪಂಚಾಂಗಕ್ಕೆ ಸಂಬಂಧಿಸಿದ್ದಲ್ಲ. ಹಸಿದವನಿಗೆ ಅನ್ನವಿತ್ತೆಯಾ, ರೋಗಿಯನ್ನು ವಿಚಾರಿಸಿದೆಯಾ ಎಂಬ ಅರ್ಥದ್ದು. ಈ ಎರಡು ಅಧ್ಯಾಯಗಳು ಅಕ್ಕಪಕ್ಕದಲ್ಲಿರುವುದು ಗಮನಿಸತಕ್ಕ ಸಂಗತಿ.

ನಿರೀಕ್ಷೆಯು ನಿತ್ಯಕರ್ಮವನ್ನು ಕೆಡಿಸುವ ಅಪಾಯವನ್ನು ಆದಿಯ ಕ್ರೈಸ್ತರೇ ಕಂಡಿದ್ದರು. ಥೆಸಲೋನಿಕದ ಸಭೆಗೆ ಪೌಲನ ಹೆಸರಿನಲ್ಲಿ ಬರೆದ ಎರಡನೆಯ ಪತ್ರದಲ್ಲಿ, ಕೆಲಸ ಬಿಟ್ಟು ಅಲೆಯುತ್ತಿದ್ದ ಕೆಲವರಿಗೆ ಕಟುವಾದ ಬುದ್ಧಿವಾದವುಂಟು. ದುಡಿಯಲೊಲ್ಲದವನು ಉಣ್ಣಲೂ ಬಾರದೆಂಬ ನಿಯಮವನ್ನು ಅಲ್ಲಿ ನೆನಪಿಸಲಾಗಿದೆ. ಅವರು ಕೆಲಸ ಬಿಟ್ಟದ್ದು ಕರ್ತನ ದಿನ ಸಮೀಪಿಸಿತೆಂಬ ಭಾವನೆಯಿಂದಲೇ ಎಂದು ಪತ್ರವು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅದೇ ಪತ್ರದಲ್ಲಿ ಆ ದಿನ ಬಂದೇಬಿಟ್ಟಿತೆಂದು ಗಾಬರಿಗೊಳ್ಳಬೇಡಿರೆಂಬ ಎಚ್ಚರಿಕೆಯೂ ಇರುವುದರಿಂದ ಅನೇಕ ವ್ಯಾಖ್ಯಾನಕಾರರು ಎರಡನ್ನೂ ಕೂಡಿಸಿಯೇ ಓದಿದ್ದಾರೆ.

1844ರ ಪ್ರಸಂಗಕ್ಕೆ ಕಾರಣಪುರುಷನಾದ ವಿಲಿಯಂ ಮಿಲ್ಲರ್ 1782ರಲ್ಲಿ ಜನಿಸಿದ ಒಬ್ಬ ರೈತ. ನ್ಯೂಯಾರ್ಕ್ ಪ್ರಾಂತದ ಲೋ ಹ್ಯಾಂಪ್ಟನ್ ಅವನ ಊರು. ಯೌವನದಲ್ಲಿ ಅವನು ಬೈಬಲನ್ನು ದೈವವಾಣಿಯೆಂದು ಒಪ್ಪಿದವನಲ್ಲ. ಬ್ರಿಟಿಷರೊಡನೆ ನಡೆದ ಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿದ್ದು, ಮರಣವನ್ನು ಹತ್ತಿರದಿಂದ ಕಂಡು, 1816ರಲ್ಲಿ ವಿಶ್ವಾಸಿಯಾದನು. ಅನಂತರ ಎರಡು ವರ್ಷ ಬೈಬಲನ್ನು ಮೊದಲಿನಿಂದ ಕೊನೆಯವರೆಗೆ, ಶಬ್ದಸೂಚಿಯೊಂದನ್ನು ಮಾತ್ರ ಜೊತೆಗಿಟ್ಟುಕೊಂಡು, ವಾಕ್ಯ ವಾಕ್ಯವಾಗಿ ಓದಿದನು. ದಾನಿಯೇಲನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಪವಿತ್ರಸ್ಥಾನದ ಶುದ್ಧಿಗೆ ಮುನ್ನ ಕಳೆಯತಕ್ಕ 2300 ದಿನಗಳ ಉಲ್ಲೇಖವಿದೆ. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷವೆಂಬ ಹಳೆಯ ವ್ಯಾಖ್ಯಾನಪದ್ಧತಿಯನ್ನು ಅವನು ಹಿಡಿದನು. ಯೆರೂಸಲೇಮಿನ ಪುನರ್ನಿರ್ಮಾಣದ ಅಪ್ಪಣೆಗೆ ಅವನು ಇಟ್ಟುಕೊಂಡ ಕಾಲ ಕ್ರಿಸ್ತಪೂರ್ವ 457. 2300ರಲ್ಲಿ 457ನ್ನು ಕಳೆದರೆ 1843. ಪವಿತ್ರಸ್ಥಾನವೆಂದರೆ ಈ ಭೂಮಿಯೇ, ಅದರ ಶುದ್ಧಿಯೆಂದರೆ ಕ್ರಿಸ್ತನ ಪುನರಾಗಮನದ ಅಗ್ನಿಯೇ ಎಂದು ಅವನ ನಿರ್ಣಯ. 1818ರಲ್ಲಿಯೇ ಈ ಲೆಕ್ಕ ಮುಗಿದಿದ್ದರೂ ಅವನು ಅದನ್ನು ಬಹಿರಂಗವಾಗಿ ಬೋಧಿಸತೊಡಗಿದ್ದು 1831ರಲ್ಲಿ. ಹದಿಮೂರು ವರ್ಷ ತನ್ನ ಲೆಕ್ಕವನ್ನು ತಾನೇ ಸಂಶಯಿಸಿ ಪರೀಕ್ಷಿಸಿದವನನ್ನು ಆತುರಗಾರನೆನ್ನಲಾಗದು.

ಬಾಸ್ಟನ್ನಿನ ಪಾದ್ರಿ ಜೋಶುವಾ ಹೈಮ್ಸ್ 1840ರಲ್ಲಿ ಪತ್ರಿಕೆಯೊಂದನ್ನು ತೆಗೆದ ಮೇಲೆ ಊರೂರಿನ ಉಪನ್ಯಾಸವು ಒಂದು ದೊಡ್ಡ ಆಂದೋಲನವಾಯಿತು. ಅನುಯಾಯಿಗಳ ಸಂಖ್ಯೆಯನ್ನು ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಅಂದಾಜು ಮಾಡುವುದುಂಟು. ಮಿಲ್ಲರ್ ನಿಶ್ಚಿತ ದಿನವೊಂದನ್ನು ಹೇಳಲು ಬಹುಕಾಲ ಒಪ್ಪಲಿಲ್ಲ. 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರೊಳಗೆ ಎಂದಷ್ಟೇ ಅವನ ಮಾತು. ಆ ಅವಧಿ ಕಳೆಯಿತು. ಆಗ ಅವನು ತನ್ನ ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡನು. ಆದರೂ ಆ ದಿನವು ಬಾಗಿಲಲ್ಲಿದೆಯೆಂಬ ನಂಬಿಕೆಯನ್ನು ಬಿಡಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ನ್ಯೂ ಹ್ಯಾಂಪ್‌ಷೈರಿನ ಎಕ್ಸಿಟರ್ ಎಂಬಲ್ಲಿ ನಡೆದ ಶಿಬಿರಸಭೆಯಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬವನು ಯೆಹೂದ್ಯರ ಏಳನೆಯ ತಿಂಗಳ ಹತ್ತನೆಯ ದಿನವನ್ನು ಮುಂದಿಟ್ಟನು. ಅವನ ಗಣನೆಯಂತೆ ಅದು 1844ರ ಅಕ್ಟೋಬರ್ 22. ಕ್ರಿಸ್ತಪೂರ್ವ ಒಂದಕ್ಕೂ ಕ್ರಿಸ್ತಶಕ ಒಂದಕ್ಕೂ ನಡುವೆ ಸೊನ್ನೆಯ ವರ್ಷವಿಲ್ಲವಾದ್ದರಿಂದ ಹಳೆಯ ಲೆಕ್ಕಕ್ಕೆ ಒಂದು ವರ್ಷ ಕೂಡಬೇಕಾಗುವುದೆಂಬುದೂ ಇದಕ್ಕೆ ಅನುಕೂಲವಾಯಿತು. ವಾರಗಳೊಳಗೆ ಜನರು ಅದನ್ನು ಹಿಡಿದರು. ಮಿಲ್ಲರ್ ಸ್ವತಃ ಅದನ್ನು ಒಪ್ಪಿದ್ದು ಅಕ್ಟೋಬರ್ ತಿಂಗಳ ಮೊದಲಲ್ಲಿ ಮಾತ್ರ. ಗುರುವು ಶಿಷ್ಯರ ಹಿಂದೆ ನಡೆದ ಪ್ರಸಂಗವಿದು.

ಆ ದಿನಗಳಲ್ಲಿ ಜನರು ಮಾಡಿದ ಕಾರ್ಯಗಳು ಏಕರೀತಿಯವಲ್ಲ. ಕೆಲವರು ಅಂಗಡಿ ಮುಚ್ಚಿದರು. ಕೆಲವರು ನಿಂತ ಪೈರನ್ನು ಕೊಯ್ಯಲಿಲ್ಲ. ಅನೇಕರು ಹಳೆಯ ಸಾಲಗಳನ್ನು ತೀರಿಸಿದರು. ತಾವು ಹಿಂದೆ ಮಾಡಿದ ವಂಚನೆಗಳನ್ನು ಮೋಸಹೋದವರ ಎದುರಿನಲ್ಲಿಯೇ ಒಪ್ಪಿಕೊಂಡರು. ಮುರಿದ ಸ್ನೇಹಗಳನ್ನು ಕೂಡಿಸಿಕೊಂಡರು. ಜೋಸೆಫ್ ಬೇಟ್ಸ್ ಎಂಬ ನಿವೃತ್ತ ನೌಕಾಧಿಪತಿ ತನ್ನ ಆಸ್ತಿಯನ್ನೆಲ್ಲ ಈ ಬೋಧನೆಗೆ ವೆಚ್ಚಮಾಡಿದನು. ಚಾರ್ಲ್ಸ್ ಫಿಚ್ ಎಂಬ ಬೋಧಕನು ತಣ್ಣೀರಿನಲ್ಲಿ ನಿಂತು ವಿಶ್ವಾಸಿಗಳಿಗೆ ದೀಕ್ಷಾಸ್ನಾನ ಮಾಡಿಸಿ, ಜ್ವರ ಹತ್ತಿ, ಅಕ್ಟೋಬರ್ 14ರಂದು ತೀರಿಕೊಂಡನು. ಎಂಟು ದಿನದ ಅಗಲಿಕೆಯಷ್ಟೇ ಎಂದು ಅವನ ಪತ್ನಿಯೂ ಮಕ್ಕಳೂ ನಗುಮೊಗದಿಂದಲೇ ಇದ್ದರೆಂದು ಆ ಕಾಲದ ಪತ್ರಿಕೆಯಲ್ಲಿ ವರದಿಯಾಯಿತು. ಅಕ್ಟೋಬರ್ 23ರ ಬೆಳಗ್ಗೆ ಆ ಮನೆಯ ಸ್ಥಿತಿ ಹೇಗಿದ್ದಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು.

ನ್ಯೂ ಹ್ಯಾಂಪ್‌ಷೈರಿನ ಲಿಯೊನಾರ್ಡ್ ಹೇಸ್ಟಿಂಗ್ಸ್ ಎಂಬ ರೈತನ ಆಲೂಗೆಡ್ಡೆಯ ಕಥೆಯನ್ನು ಅಡ್ವೆಂಟಿಸ್ಟ್ ಸಂಪ್ರದಾಯದವರು ಇಂದಿಗೂ ಹೇಳುತ್ತಾರೆ. ಲೋಕಾಂತ್ಯದಲ್ಲಿ ತನಗಿರುವ ನಂಬಿಕೆಗೆ ನೆರೆಯವರಿಗೆ ಕಾಣುವ ಸಾಕ್ಷಿಯಾಗಲೆಂದು ಅವನು ಗೆಡ್ಡೆಗಳನ್ನು ನೆಲದಲ್ಲಿಯೇ ಬಿಟ್ಟನು. ನೆರೆಯವರು ನಾವೇ ಅಗೆದುಕೊಡುತ್ತೇವೆಂದರೂ ಒಪ್ಪಲಿಲ್ಲ. ದಿನ ಕಳೆಯಿತು, ಏನೂ ನಡೆಯಲಿಲ್ಲ. ಆದರೆ ಆ ವರ್ಷ ಕೊಳೆರೋಗ ಬಂದು, ಮೊದಲೇ ಅಗೆದವರ ಗೆಡ್ಡೆಗಳು ಹಾಳಾದುವು. ತಡವಾಗಿ ಅಗೆದ ಇವನವು ಉಳಿದು, ಬಿತ್ತನೆಯ ಗೆಡ್ಡೆಯಾಗಿ ಒಳ್ಳೆಯ ಬೆಲೆಗೆ ಹೋದುವು. ಹೇಳುವವರು ಇದರಲ್ಲಿ ದೈವಕೃಪೆಯನ್ನು ಕಾಣುತ್ತಾರೆ. ಆದರೆ ನೀತಿವಿಚಾರಕ್ಕೆ ಈ ಕಥೆಯಿಂದ ಏನೂ ಸಿದ್ಧವಾಗದು. ಕೊಳೆರೋಗವು ಬಾರದೆ ಮುಂಗಡ ಹಿಮ ಬಿದ್ದಿದ್ದರೆ ಅದೇ ಮನುಷ್ಯನ ಮಕ್ಕಳು ಚಳಿಗಾಲದಲ್ಲಿ ನೆರೆಯವರ ಮನೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ನೆರೆಯವರ ದುಡಿಮೆಯ ಮೇಲೆ ತನ್ನ ವಿಶ್ವಾಸದ ಭಾರವನ್ನು ಹೊರಿಸುವ ಅಧಿಕಾರ ಅವನಿಗಿತ್ತೇ ಎಂಬ ಪ್ರಶ್ನೆಯನ್ನು ಫಲಿತಾಂಶವು ಅಳಿಸಲಾರದು.

ಸಾಲ ತೀರಿಸಿದವರ ವಿಷಯ ಬೇರೆ. ಇಲ್ಲಿ ಜೈನ ಓದುಗರಿಗೆ ಒಂದು ಪಾರಿಭಾಷಿಕ ಪದ ನೆನಪಾಗದಿರದು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಕೊನೆಯದು ವ್ರತದ ಬೆನ್ನಿಗೇ ಫಲದ ಬಯಕೆಯನ್ನು ಕಟ್ಟಿಕೊಳ್ಳುವುದು. ಅಕ್ಟೋಬರ್ 22ಕ್ಕೆ ಹೆದರಿ ತೀರಿಸಿದ ಸಾಲದಲ್ಲಿ ಈ ಮುಳ್ಳು ಇಲ್ಲವೆಂದು ಹೇಳಲಾಗದು. ಆದರೆ ಸಾಲ ಪಡೆದುಕೊಂಡವನ ಕಡೆಯಿಂದ ನೋಡಿದರೆ, ಅವನ ಕೈಗೆ ಬಂದ ಹಣ ಖೋಟಾ ಆಗಿರಲಿಲ್ಲ. ಕ್ಷಮೆ ಕೇಳಿಸಿಕೊಂಡವನ ಮನಸ್ಸು ಹಗುರಾದದ್ದೂ ಸುಳ್ಳಲ್ಲ. ಲೋಕ ಉಳಿದ ಮೇಲೆ ಕೊಟ್ಟದ್ದನ್ನು ಮರಳಿ ಕೊಡೆಂದು ಕೇಳಿಕೊಂಡು ಹೋಗುವುದು ನ್ಯಾಯವಲ್ಲವೆಂಬುದನ್ನು ಒಪ್ಪದವರಿಲ್ಲ. ಹಾಗಾದರೆ ಆ ಕರ್ತವ್ಯಗಳು 22ರ ಮೇಲೆ ನಿಂತಿರಲಿಲ್ಲ. 21ರಂದೂ, ಅದಕ್ಕೆ ಹತ್ತು ವರ್ಷ ಮುಂಚೆಯೂ ಅವು ಇದ್ದುವು. ದಿನಾಂಕವು ಅವನ್ನು ಹುಟ್ಟಿಸಲಿಲ್ಲ, ಮುಂದೂಡಲು ಬಾರದಂತೆ ಮಾಡಿತು ಅಷ್ಟೆ. ಪೈರನ್ನು ಕೊಯ್ಯದೆ ಬಿಟ್ಟ ಕೃತ್ಯ ಹೀಗಲ್ಲ; ದಿನಾಂಕವನ್ನು ತೆಗೆದರೆ ಅದಕ್ಕೆ ಆಧಾರವೇ ಉಳಿಯುವುದಿಲ್ಲ.

ಜಿನಾಗಮದ ಕಾಲಚಕ್ರದಲ್ಲಿ ನ್ಯಾಯಾಧೀಶನು ಬಂದಿಳಿಯುವ ದಿನವಿಲ್ಲ. ಈಗ ನಡೆಯುತ್ತಿರುವ ದುಷಮಕಾಲದ ಪ್ರಮಾಣವೇ 21,000 ವರ್ಷ. ಆದಕಾರಣ ಈ ಜನರ ಆತುರ ಜೈನ ಮನೆಗಳಿಗೆ ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಆಯುಷ್ಯಬಂಧವಾಗುವ ಗಳಿಗೆ ಯಾರಿಗೂ ತಿಳಿಯದೆಂಬ ಎಚ್ಚರಿಕೆ ಈ ಮನೆಗಳಲ್ಲಿಯೂ ಉಂಟಷ್ಟೆ. ಗಳಿಗೆ ತಿಳಿಯದಿರುವುದರಿಂದ ಬರುವ ಎಚ್ಚರ ಒಂದು ಬಗೆಯದು, ತಿಳಿದಿದೆಯೆಂಬ ಭ್ರಮೆಯಿಂದ ಬರುವ ಎಚ್ಚರ ಇನ್ನೊಂದು ಬಗೆಯದು. ಎರಡನೆಯದಕ್ಕೆ ಮರುದಿನದ ಬೆಳಗ್ಗೆ ಉತ್ತರವಿರುವುದಿಲ್ಲ.

ಮೊದಲನೆಯ ಬಗೆಗೆ ಕ್ರೈಸ್ತರಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. 1780ರ ಮೇ 19ರಂದು ಅಮೆರಿಕದ ಈಶಾನ್ಯಭಾಗದಲ್ಲಿ ನಡುಹಗಲಲ್ಲಿ ಕತ್ತಲೆ ಕವಿಯಿತು. ದೂರದ ಕಾಡ್ಗಿಚ್ಚಿನ ಹೊಗೆಯೇ ಅದಕ್ಕೆ ಕಾರಣವೆಂದು ಈಗ ತಿಳಿಯಲಾಗಿದೆ; ಆಗ ಅನೇಕರು ಅದನ್ನು ನ್ಯಾಯತೀರ್ಪಿನ ದಿನವೆಂದೇ ಬಗೆದರು. ಹಾರ್ಟ್‌ಫರ್ಡಿನಲ್ಲಿ ಕನೆಕ್ಟಿಕಟ್ಟಿನ ಶಾಸನಸಭೆ ಕೂಡಿತ್ತು. ಸಭೆಯನ್ನು ಮುಂದೂಡಬೇಕೆಂದು ಸೂಚನೆ ಬಂದಾಗ ಅಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯನು ಒಪ್ಪಲಿಲ್ಲ. ಇದು ಆ ದಿನವಲ್ಲವಾದರೆ ಏಳಬೇಕಾದ ಕಾರಣವಿಲ್ಲ, ಆ ದಿನವೇ ಆದರೆ ತನ್ನ ಕೆಲಸದಲ್ಲಿರುವಾಗಲೇ ಅದು ತನ್ನನ್ನು ಕಾಣಲಿ ಎಂಬ ಅಭಿಪ್ರಾಯವನ್ನು ಹೇಳಿ, ಮೇಣದಬತ್ತಿಗಳನ್ನು ತರಿಸಿದನೆಂದು ಪ್ರಸಿದ್ಧಿ. ಅವನು ಪುನರಾಗಮನವನ್ನು ಅಲ್ಲಗಳೆಯಲಿಲ್ಲ. ಅದರ ಹೆಸರಿನಲ್ಲಿ ಆಸನವನ್ನು ಬಿಡಲೊಪ್ಪಲಿಲ್ಲ. ನಾಳೆ ಲೋಕ ಮುಗಿದರೂ ಇಂದು ಸೇಬಿನ ಸಸಿ ನೆಡುವೆನೆಂಬ ಮಾತನ್ನು ಮಾರ್ಟಿನ್ ಲೂಥರನದೆಂದು ಎಲ್ಲರೂ ಉದ್ಧರಿಸುತ್ತಾರೆ. ಅದು ಅವನ ಬರಹಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಡೇವನ್‌ಪೋರ್ಟನ ಮೇಣದಬತ್ತಿಗಳು ಇರುವಾಗ ಆ ಸಸಿಯ ಅವಶ್ಯಕತೆಯೂ ಇಲ್ಲ.

22ರ ರಾತ್ರಿ ವಿಶ್ವಾಸಿಗಳು ಮನೆಗಳಲ್ಲಿ, ಸಭಾಂಗಣಗಳಲ್ಲಿ ಕೂಡಿ ಕಾದರು. ನ್ಯೂಯಾರ್ಕ್ ಪ್ರಾಂತದ ಹೈರಮ್ ಎಡ್ಸನ್ ಎಂಬ ರೈತನು, ನಡುರಾತ್ರಿಯ ಗಂಟೆ ಬಾರಿಸಿದ ಮೇಲೆ ತಾವೆಲ್ಲರೂ ಬೆಳಗಾಗುವವರೆಗೆ ಅತ್ತುದನ್ನು ಮುಂದೆ ಬರೆದಿಟ್ಟಿದ್ದಾನೆ. ಇದು ಸುಳ್ಳಾದರೆ ದೇವರೂ ಇಲ್ಲವೇ, ಸ್ವರ್ಗವೂ ಇಲ್ಲವೇ ಎಂಬ ಸಂಶಯವು ಆ ರಾತ್ರಿ ಅವನನ್ನು ಕಾಡಿತು. ಚರಿತ್ರೆಯಲ್ಲಿ ಇದಕ್ಕೆ ಮಹಾ ನಿರಾಶೆಯೆಂದೇ ಹೆಸರು. ಮರುದಿನದಿಂದ ಬೀದಿಯಲ್ಲಿ ಅವರನ್ನು ಕಂಡವರೆಲ್ಲ ಇನ್ನೂ ಮೇಲಕ್ಕೆ ಹೋಗಲಿಲ್ಲವೇ ಎಂದು ಹಾಸ್ಯಮಾಡಿದರು. ಕೆಲವೆಡೆ ಸಭಾಮಂದಿರಗಳ ಮೇಲೆ ಪುಂಡರ ದಾಳಿಗಳೂ ನಡೆದುವು. ವಿಶ್ವಾಸಿಗಳು ಸ್ವರ್ಗಾರೋಹಣಕ್ಕೆಂದು ಬಿಳಿಯ ನಿಲುವಂಗಿ ಹೊಲಿಸಿಕೊಂಡು ಮಾಳಿಗೆ, ಮರಗಳನ್ನು ಹತ್ತಿ ಕುಳಿತಿದ್ದರೆಂಬ ಕಥೆ ಪತ್ರಿಕೆಗಳಲ್ಲಿ ಬಂದು ನೂರು ವರ್ಷ ಶಾಲಾಪುಸ್ತಕಗಳವರೆಗೂ ಹರಿಯಿತು. 1944ರಲ್ಲಿ ಫ್ರಾನ್ಸಿಸ್ ನಿಕೊಲ್ ಎಂಬ ಅಡ್ವೆಂಟಿಸ್ಟ್ ಲೇಖಕನು ಈ ಕಥೆಗಳನ್ನು ಒಂದೊಂದಾಗಿ ಶೋಧಿಸಿ, ಅವಕ್ಕೆ ನಂಬತಕ್ಕ ಆಧಾರವಿಲ್ಲವೆಂದು ತೋರಿಸಿದನು. ಲೆಕ್ಕ ತಪ್ಪಿದ ರೈತರ ಅಪರಾಧವನ್ನು ಅಳೆಯುವಾಗ, ಅತ್ತವರ ಮೇಲೆ ಸುಳ್ಳು ಕಟ್ಟಿ ನಕ್ಕವರ ಅಪರಾಧವನ್ನು ಅಳೆಯದೆ ಬಿಡುವುದು ಲೋಕದ ರೂಢಿ. ಮೊದಲನೆಯವರು ತಮ್ಮ ತಪ್ಪಿಗೆ ತಾವೇ ಬೆಲೆ ತೆತ್ತರು. ಎರಡನೆಯವರು ಏನನ್ನೂ ತೆರಲಿಲ್ಲ.

ನಿರಾಶೆಯ ಅನಂತರ ಜನರು ಹಲವು ದಾರಿ ಹಿಡಿದರು. ಕೆಲವರು ವಿಶ್ವಾಸವನ್ನೇ ಬಿಟ್ಟರು. ದಿನ ಸರಿಯಾದದ್ದೇ, ಘಟನೆಯು ಭೂಮಿಯಲ್ಲಲ್ಲ, ಪರಲೋಕದ ಪವಿತ್ರಸ್ಥಾನದಲ್ಲಿ ನಡೆಯಿತೆಂದು ಎಡ್ಸನ್ ಮೊದಲಾದವರು ಅರ್ಥಮಾಡಿದರು. ಅದರಿಂದ ಬೆಳೆದು 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಇಂದು ಜಗತ್ತಿನಲ್ಲೆಲ್ಲ ಆಸ್ಪತ್ರೆ ಶಾಲೆಗಳನ್ನು ನಡೆಸುತ್ತಿದೆ, ಬೇರೆ ದಿನಾಂಕವನ್ನು ಗೊತ್ತುಮಾಡುವ ಗೊಡವೆಗೆ ಹೋಗಿಲ್ಲ. ಗುಲಾಮಗಿರಿಯ ವಿರುದ್ಧವೂ ಯುದ್ಧದ ವಿರುದ್ಧವೂ ಹಿಂದೆ ದುಡಿದಿದ್ದ ಹೈಮ್ಸ್, ಪೈರು ಬಿಟ್ಟು ಕಷ್ಟಕ್ಕೊಳಗಾದ ವಿಶ್ವಾಸಿಗಳಿಗೆ ನೆರವು ಕೂಡಿಸುವ ಕೆಲಸಕ್ಕೆ ಕೂಡಲೇ ತೊಡಗಿದನು. ಲೋಕ ಮುಗಿಯುವುದೆಂದು ಸಾರಿದವನಿಗೆ ಲೋಕ ಮುಗಿಯದೆ ಉಳಿದಾಗ ಬರುವ ಹೊಣೆ ಯಾವುದೆಂಬುದನ್ನು ಅವನು ಬೇಗನೆ ಅರಿತನು.

ಮಿಲ್ಲರ್ ಹೊಸ ವ್ಯಾಖ್ಯಾನದ ಆಸರೆಯನ್ನು ಕೊನೆಗೂ ಹಿಡಿಯಲಿಲ್ಲ. ತಾನು ಪ್ರಾಮಾಣಿಕವಾಗಿ ಓದಿದೆ, ಆದರೂ ತಪ್ಪಿದೆ ಎಂಬುದು ಅವನ ನಿಲುವಾಯಿತು. 1845ರಲ್ಲಿ ಅವನ ಊರಿನ ಬ್ಯಾಪ್ಟಿಸ್ಟ್ ಸಭೆಯು ಅವನನ್ನೂ ಅವನ ಸಂಗಡಿಗರನ್ನೂ ಹೊರಗೆ ಹಾಕಿತು. ಕಣ್ಣಿನ ಬೆಳಕು ಕಡಿಮೆಯಾಗುತ್ತ ಬಂತು. 1848ರಲ್ಲಿ ಅವನು ತನ್ನ ಹೊಲದ ಪಕ್ಕದಲ್ಲಿ ಊರಿನ ಕೆಲವೇ ವಿಶ್ವಾಸಿಗಳಿಗಾಗಿ ಮರದ ಒಂದು ಚಿಕ್ಕ ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. ಮರುವರ್ಷ ಡಿಸೆಂಬರ್ 20ರಂದು, ಪುನರಾಗಮನವನ್ನು ಇನ್ನೂ ಎದುರುನೋಡುತ್ತಲೇ, ಅವನು ತೀರಿಕೊಂಡನು. ಆ ಮಂದಿರ ಇಂದಿಗೂ ಅಲ್ಲಿ ನಿಂತಿದೆ.