ಕಾಣದುದು ಇಲ್ಲದುದೇ?

ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ನಿಶ್ಚಯಿಸುತ್ತೇವೆ. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆ ನಿಶ್ಚಯಿಸುವುದಿಲ್ಲ. ಕಾಣಲು ಯೋಗ್ಯವಾದ ವಸ್ತುವು, ಕಾಣುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದ್ದೂ ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುವುದೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಆಕಾಶವನ್ನಳೆಯುವ ಪಂಡಿತರಿಗೂ ಈ ಪಾಠವನ್ನು ಕಲಿಯಲು ಸುಮಾರು ಒಂದೂವರೆ ಶತಮಾನ ಹಿಡಿಯಿತು.

1785ರಲ್ಲಿ ವಿಲಿಯಂ ಹರ್ಷೆಲನು ವೃಶ್ಚಿಕರಾಶಿಯಲ್ಲಿ ನಕ್ಷತ್ರಗಳೇ ತೋರದ ಒಂದು ಕರಿಯ ಎಡೆಯನ್ನು ವರ್ಣಿಸಿ, ಅದನ್ನು ರಂಧ್ರವೆಂದು ಬಗೆದನು. 1919ರಲ್ಲಿ ಅಮೆರಿಕೆಯ ಬರ್ನಾರ್ಡನು ಇಂತಹ 182 ಕಪ್ಪು ಎಡೆಗಳ ಪಟ್ಟಿಯನ್ನು ಪ್ರಕಟಿಸಿದನು. 1930ರಲ್ಲಿ ಟ್ರಂಪ್ಲರನು, ನಕ್ಷತ್ರಗಳ ನಡುವಣ ಅವಕಾಶದಲ್ಲಿ ಸೂಕ್ಷ್ಮವಾದ ಧೂಳು ಹರಡಿ ಬೆಳಕನ್ನು ಕುಂದಿಸುವುದೆಂಬುದನ್ನು ಸ್ಥಾಪಿಸಿದನು. ರಂಧ್ರವೆಂದುಕೊಂಡದ್ದು ತೆರೆಯಾಗಿದ್ದಿತು. ಅಷ್ಟೇ ಅಲ್ಲ, ತಣ್ಣನೆಯ ಧೂಳು ಅನಿಲಗಳ ಇಂತಹ ಮೇಘಗಳ ಒಡಲಲ್ಲಿಯೇ ಹೊಸ ನಕ್ಷತ್ರಗಳು ಹುಟ್ಟುತ್ತವೆ.

ತೆರೆಯ ದೂರವನ್ನು ತಿಳಿಯುವ ಬಗೆ ಹೇಗೆ? ಧೂಳು ನೀಲಿಯ ಬೆಳಕನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ತಡೆಯುವುದು. ಆದುದರಿಂದ ಮೇಘದ ಹಿಂದಿರುವ ನಕ್ಷತ್ರವು ಕೆಂಪೇರಿ ಕಾಣುವುದು. ಮುಂದಿರುವುದು ತನ್ನ ಸಹಜವರ್ಣದಲ್ಲಿಯೇ ಇರುವುದು. ನಕ್ಷತ್ರಗಳ ದೂರಗಳು ಗೊತ್ತಾದರೆ, ಎಲ್ಲಿಂದಾಚೆಗೆ ಕೆಂಪು ಮೊದಲಾಗುವುದೋ ಅಲ್ಲಿ ಮೇಘವಿದೆ. ಯೂರೋಪಿನವರು 2013ರಲ್ಲಿ ಹಾರಿಸಿದ ಗಾಯಾ ಎಂಬ ವ್ಯೋಮನೌಕೆಯು 2025ರವರೆಗೆ ವೀಕ್ಷಿಸಿ, ನೂರು ಕೋಟಿಗೂ ಮಿಕ್ಕ ನಕ್ಷತ್ರಗಳ ಲಂಬನವನ್ನು, ಎಂದರೆ ಭೂಮಿಯ ವಾರ್ಷಿಕ ಸಂಚಾರದಿಂದ ತೋರುವ ಅತ್ಯಲ್ಪ ಸ್ಥಾನಭೇದವನ್ನು, ಅಳೆಯಿತು. ಅದರಿಂದ ಧೂಳಿನ ಮೇಘಗಳಿಗೆ ಉದ್ದ ಅಗಲಗಳೊಡನೆ ಆಳವನ್ನೂ ತೋರಿಸುವ ನಕ್ಷೆಗಳು ಸಾಧ್ಯವಾದವು. ಅವೇ ಅಳತೆಗಳ ಬಲದಿಂದ 2018ರಲ್ಲಿ, ಮಹಾವ್ಯಾಧಪುಂಜದ ಓರಿಯನ್ ಎ ಎಂಬ ಮೇಘದ ಶಿಶುನಕ್ಷತ್ರಗಳ ದೂರಗಳನ್ನು ಕೂಡಿಸಿ ನೋಡಲಾಗಿ, ಚಪ್ಪಟೆಯ ಚಿತ್ರದಲ್ಲಿ ಸುಮಾರು 130 ಜ್ಯೋತಿರ್ವರ್ಷ ಉದ್ದವೆಂದು ತೋರುತ್ತಿದ್ದ ಆ ಮೇಘವು ವಸ್ತುತಃ ಸುಮಾರು 300 ಜ್ಯೋತಿರ್ವರ್ಷ ಉದ್ದವಾಗಿದ್ದು, ಬಾಲವನ್ನು ನಮ್ಮಿಂದಾಚೆಗೆ ಚಾಚಿರುವುದಾಗಿ ಕಂಡುಬಂದಿತು.

ಕಾಣದುದೆಲ್ಲ ಇದ್ದೀತೆಂದರೆ ಮೊಲದ ಕೊಂಬೂ ಇದ್ದೀತಷ್ಟೆ, ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಖಗೋಳಜ್ಞರು ಕಾಣದೆಂಬ ಕಾರಣದಿಂದ ಇದೆಯೆನ್ನಲಿಲ್ಲ. ತೆರೆಯು ಬೆಳಕಿನ ಮೇಲೆ ಬಿಟ್ಟ ಗುರುತನ್ನು ಒಂದೊಂದು ನಕ್ಷತ್ರದಲ್ಲಿಯೂ ಅಳೆದರು. ಮೊಲದ ಕೊಂಬು ಯಾವ ಗುರುತನ್ನೂ ಬಿಡುವುದಿಲ್ಲ.

ಮನುಷ್ಯರ ವಿಷಯದಲ್ಲಿ ನಾವು ಈ ಶ್ರಮವನ್ನು ವಹಿಸುವೆವೋ? ನಾನು ಬಹುವರ್ಷ ಅಧ್ಯಾಪಕನಾಗಿದ್ದವನು. ಉತ್ತರವಿತ್ತ ಹುಡುಗರನ್ನು ಬುದ್ಧಿವಂತರೆಂದೂ, ಬಾಯಿಬಿಡದವರಲ್ಲಿ ಏನೂ ಇಲ್ಲವೆಂದೂ ಎಷ್ಟೋ ಸಲ ನಿರ್ಣಯಿಸಿದೆನು. ನಡುವೆ ಭಯವಿದ್ದಿತೋ, ಹಸಿವಿದ್ದಿತೋ, ಸಂಕೋಚವಿದ್ದಿತೋ ಎಂದು ಬಳಿಗೆ ಕರೆದು ಕೇಳಿದ್ದು ಅಪರೂಪ. ಕೇಳಿದ್ದರೆ ಗುರುತುಗಳು ಸಿಕ್ಕುತ್ತಿದ್ದುವು. ಆ ಹುಡುಗರಲ್ಲಿ ಹಲವರು ಈಗ ಎಲ್ಲಿರುವರೋ ತಿಳಿಯದು. ನನ್ನ ತೀರ್ಪನ್ನು ತಿದ್ದಲು ಸಮಯವೂ ಉಳಿದಿಲ್ಲ.

ಒಬ್ಬನಲ್ಲಿ ಗುಣವಿಲ್ಲವೆನ್ನುವುದಕ್ಕೆ ಮೊದಲು, ಇದ್ದಿದ್ದರೆ ಅದು ನನಗೆ ಕಾಣುತ್ತಿದ್ದಿತೇ ಎಂದು ಕೇಳಿಕೊಳ್ಳಬೇಕೆಂಬುದು ತರ್ಕದ ನಿಯಮ. ಅದೇ ಧರ್ಮದ ನಿಯಮವೂ ಹೌದೆಂದು ಈ ವಯಸ್ಸಿನಲ್ಲಿ ನನಗೆ ತೋರುತ್ತದೆ.