ಅಗ್ಗದ್ದೇ ಸಾಕು

ನಮಗೆ ಹೆಂಗಸರಿಗೆ ಕಾಲುನೋವು ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ದಿನವಿಡೀ ನಿಂತ ಕಾಲು ನೋಯದೆ ಇರುತ್ತದೆಯೇ ಎಂದುಕೊಂಡು ಎಣ್ಣೆ ತಿಕ್ಕಿ ಮಲಗುತ್ತೇವೆ. ಆದರೆ ಒಂದೇ ಕಾಲು ಊದಿಕೊಂಡು, ಮೀನಖಂಡ ಬಿಗಿದು ಬಿಸಿಯಾದರೆ ತಿಕ್ಕುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬಾಣಂತಿಯರಿಗೆ ಮೊದಲ ಆರು ವಾರ ಈ ಭಯ ಹೆಚ್ಚು.

ನನ್ನ ಓರಗಿತ್ತಿಗೆ ಇದು ಬಂದದ್ದು ಗರ್ಭಕೋಶದ ಆಪರೇಷನ್ ಆದಮೇಲೆ. ಡಾಪ್ಲರ್ ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಮೊದಲು ಹೆಪಾರಿನ್ ಇಂಜೆಕ್ಷನ್ ಕೊಟ್ಟರು. ಈ ಮದ್ದುಗಳು ಹೆಪ್ಪನ್ನು ಕರಗಿಸುವುದಿಲ್ಲವಂತೆ. ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸ ದೇಹದ್ದೇ. ಮುಂದೆ ನುಂಗಲು ಡಾಕ್ಟರು ಎರಡು ದಾರಿ ಹೇಳಿದರು. ವಾರ್ಫರಿನ್ ಮಾತ್ರೆಗೆ ಬೆಲೆ ಕಡಿಮೆ. ಆದರೆ ಆಗಾಗ ರಕ್ತ ಕೊಟ್ಟು, ಐಎನ್‌ಆರ್ ಎಂಬ ಅಂಕಿ 2ರಿಂದ 3ರ ಒಳಗಿದೆಯೇ ನೋಡಿಸಬೇಕು, ಸೊಪ್ಪನ್ನೂ ದಿನಕ್ಕೊಂದು ಥರ ತಿನ್ನದೆ ಒಂದೇ ಹದದಲ್ಲಿ ತಿನ್ನಬೇಕು. ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಗೆ ಬೆಲೆ ಹೆಚ್ಚು, ಆ ಪರೀಕ್ಷೆ ಬೇಡ. ಯಾವುದಾದರೂ ಕನಿಷ್ಠ ಮೂರು ತಿಂಗಳು, ಒಂದು ದಿನವೂ ತಪ್ಪಿಸುವಂತಿಲ್ಲ.

"ನನಗೇನು, ಅಗ್ಗದ್ದೇ ಸಾಕು" ಎಂದಳು.

"ದುಡ್ಡಿನ ಮಾತು ಆಮೇಲೆ. ಪರೀಕ್ಷೆಗೆ ತಪ್ಪದೆ ಬರೋಕೆ ಆಗುತ್ತೇನಮ್ಮ?" ಎಂದರು ಡಾಕ್ಟರು.

ಅವಳು ಸುಮ್ಮನಾದಳು. ನೆಂಟರು, ಹಬ್ಬ, ಮಕ್ಕಳ ಸ್ಕೂಲು, ಇವೆಲ್ಲದರ ನಡುವೆ ಅವಳದೇ ಎನ್ನುವ ಬೆಳಗು ಯಾವುದಿತ್ತು?

ವಾರ್ಫರಿನ್ ಕೀಳು ಮದ್ದೇನಲ್ಲ. 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದದ್ದು, 1954ರಿಂದ ಮನುಷ್ಯರ ಜೀವ ಉಳಿಸುತ್ತಿದೆ. ವಿಷವನ್ನು ಮದ್ದಾಗಿಸಿದ್ದು ಅಳತೆ. ನಾವು ಹೊಗಳಿಸಿಕೊಳ್ಳುವ ಸೈರಣೆಗೂ ಇಂಥದೊಂದು ಅಳತೆ ಬೇಡವೇ? ನನ್ನದು ಎಂದು ತಿಳಿದು ಕೊಟ್ಟರೆ ಅದು ತ್ಯಾಗ. ತನ್ನ ಜೀವಕ್ಕೆ ಬೆಲೆಯೇ ಇಲ್ಲವೆಂದುಕೊಂಡು ಬಿಟ್ಟುಕೊಟ್ಟದ್ದನ್ನು ಏನೆಂದು ಕರೆಯೋಣ?

ಕೊನೆಗೆ ಅವಳು ಆರಿಸಿಕೊಂಡದ್ದೂ ವಾರ್ಫರಿನ್ನೇ. ಆದರೆ ಆ ಮಾತ್ರೆ ಕೇಳುವುದನ್ನೆಲ್ಲ ಕೊಡುತ್ತೇನೆಂದು ಯೋಚಿಸಿ ಆರಿಸಿದಳು. "ಸೋಮವಾರ ಬೆಳಿಗ್ಗೆ ನಾನು ಲ್ಯಾಬಿಗೆ ಹೋಗ್ತೀನಿ, ತಿಂಡಿ ನೀವೇ ಮಾಡಿಕೊಳ್ಳಿ" ಎಂದು ಮನೆಯಲ್ಲಿ ಹೇಳಿದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ತನಗಾಗಿ ಕೇಳಿದ ದುಬಾರಿ ವಸ್ತು ಅದೊಂದೇ ಇರಬೇಕು.