ಬೋವಜನ ಹೊಲಕ್ಕೆ ಬಂದ ಪರದೇಶಿ



ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನಿಂದ ಎದುರು ಬಸವಣ್ಣನವರೆಗೆ ಚಾಚಿರುವ ಬಜಾರ್ ಬೀದಿಯಲ್ಲಿ ನಿಮ್ಮಲ್ಲಿ ಅನೇಕರು ನಡೆದಾಡಿದ್ದೀರಿ. ವಿಜಯನಗರದ ಅರಸರ ಕಾಲದಿಂದಲೂ ಈ ಊರು ಹೊರದೇಶದವರನ್ನು ಕಂಡಿದೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಹೊರದೇಶದವರನ್ನು ಗೌರವದಿಂದ ಬರಮಾಡಿಕೊಂಡು ಅವರ ವಿಷಯಗಳನ್ನೆಲ್ಲ ಕೇಳಿ ತಿಳಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಅದೇ ಕಾಲದ ದುವಾರ್ತೆ ಬಾರ್ಬೊಸನ ಬರಹದ ಪ್ರಕಾರ, ಕ್ರೈಸ್ತನಾಗಲಿ, ಯೆಹೂದ್ಯನಾಗಲಿ, ಮುಸಲ್ಮಾನನಾಗಲಿ, ಯಾರ ಕಿರುಕುಳವೂ ಇಲ್ಲದೆ ತನ್ನ ಧರ್ಮದಂತೆ ಈ ರಾಜ್ಯದಲ್ಲಿ ಬಾಳಬಹುದಿತ್ತು. ಅಂದು ನಮ್ಮ ವಿಶ್ವಾಸದವರು ಇಲ್ಲಿ ಅತಿಥಿಗಳಾಗಿದ್ದರು. ಇಂದು ನಾವೇ ಆತಿಥೇಯರು.

ಆದರೆ 2025ರ ಮಾರ್ಚ್ ತಿಂಗಳಲ್ಲಿ ಏನಾಯಿತು? ಹಂಪಿಗೆ ಸಮೀಪದ ಸಾಣಾಪುರದ ಬಳಿ, ರಾತ್ರಿ ಕಾಲುವೆಯ ದಡದಲ್ಲಿ ಕುಳಿತಿದ್ದ ವಿದೇಶಿ ಮಹಿಳೆಯೊಬ್ಬರ ಮೇಲೂ, ಅವರಿಗೆ ಆಶ್ರಯ ಕೊಟ್ಟಿದ್ದ ಮಹಿಳೆಯ ಮೇಲೂ ಅತ್ಯಾಚಾರ ನಡೆಯಿತು. ಜೊತೆಯಲ್ಲಿದ್ದ ಪುರುಷರನ್ನು ಕಾಲುವೆಗೆ ತಳ್ಳಲಾಯಿತು. ಒಡಿಶಾದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಇದನ್ನು ಪತ್ರಿಕೆಯಲ್ಲಿ ಓದಿ ನಿಟ್ಟುಸಿರು ಬಿಟ್ಟು ಪುಟ ತಿರುವಿದರೆ ನಮ್ಮ ಕರ್ತವ್ಯ ಮುಗಿಯಿತೇ?

ನಮ್ಮ ಆಡುಮಾತನ್ನು ಗಮನಿಸಿ. ‘ಪರದೇಶಿ’ ಎಂದರೆ ಬೇರೆ ದೇಶದವನು ಮಾತ್ರವಲ್ಲ, ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟು. ಕೈಯಲ್ಲಿ ಹಣವಿದ್ದರೂ, ಭಾಷೆ ತಿಳಿಯದ, ನೆಂಟರಿಲ್ಲದ ಊರಿನಲ್ಲಿ ಮನುಷ್ಯ ಪರದೇಶಿಯೇ.

ಪವಿತ್ರ ಗ್ರಂಥದ ರೂತಳು ಅಂಥವಳು. ಮೋವಾಬ್ ನಾಡಿನವಳು, ವಿಧವೆ, ಅತ್ತೆ ನವೊಮಿಯ ಜೊತೆ ಬೆತ್ಲೆಹೇಮಿಗೆ ಬಂದು ಹಕ್ಕಲು ಆಯಲು ಹೊಲಕ್ಕೆ ಇಳಿದಳು. ಹೊಲದ ಒಡೆಯ ಬೋವಜ ಅವಳಿಗೆ ಮಾಡಿದ ಸಹಾಯದ ಕ್ರಮವನ್ನು ನೋಡಿ. ಮೊದಲು, ಅವಳನ್ನು ಯಾರೂ ಮುಟ್ಟಕೂಡದೆಂದು ತನ್ನ ಆಳುಗಳಿಗೆ ಅಪ್ಪಣೆ ಮಾಡಿದ. ತನ್ನ ಹೆಣ್ಣಾಳುಗಳ ಜೊತೆಯಲ್ಲೇ ಇರುವಂತೆ ಅವಳಿಗೆ ಹೇಳಿದ. ಬಾಯಾರಿದಾಗ ನೀರು ಎಲ್ಲಿದೆಯೆಂದು ತೋರಿಸಿದ. ಊಟದ ಹೊತ್ತಿಗೆ ಕರೆದು ಎಲ್ಲರ ಜೊತೆ ಕೂರಿಸಿಕೊಂಡ. ಕೊನೆಗೆ, ಅವಳಿಗೆ ನಾಚಿಕೆಯಾಗದಂತೆ ಕಂತೆಗಳಿಂದ ತೆನೆಗಳನ್ನು ಬೇಕೆಂದೇ ಬಿಡಿಸಿ ಹಾಕಿಸಿದ.

ಬೋವಜ ಎಚ್ಚರಿಕೆ ಕೊಟ್ಟಿದ್ದು ತನ್ನ ಮನೆಯವರಿಗೆ. ನಾವೋ, ವಿದೇಶಿಯರು ಹಾಗೆ ಉಡಬಾರದು, ಹೀಗೆ ತಿರುಗಬಾರದು ಎಂದು ಅವರಿಗೇ ಉಪದೇಶ ಮಾಡುತ್ತೇವೆ. ನಮ್ಮ ಗಂಡುಮಕ್ಕಳಿಗೆ ಏನು ಹೇಳಿದ್ದೇವೆ? ಬೀದಿಯಲ್ಲಿ ಹೋಗುವ ಪರದೇಶದ ಹೆಣ್ಣುಮಗಳನ್ನು ದಿಟ್ಟಿಸಿ ನೋಡುವುದು, ಒಪ್ಪಿಗೆಯಿಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಪಾಪವೆಂದು ಹೇಳಿದ್ದೇವೆಯೇ? ತಂದೆತಾಯಿಯರೇ, ಈ ಪಾಠ ನಿಮ್ಮ ಮನೆಯಲ್ಲೇ ಆರಂಭವಾಗಬೇಕು.

ಆಮೇಲೆ ರೀತಿನೀತಿ. ಈ ನಾಡಿನ ಪದ್ಧತಿಯನ್ನು ರೂತಳಿಗೆ ಬಿಡಿಸಿ ಹೇಳಿದವಳು ನವೊಮಿ. ನಮ್ಮ ವಿದೇಶಿ ಸ್ನೇಹಿತರಿಗೂ ಅಂಥ ಒಬ್ಬರು ಬೇಕು. ಚಪ್ಪಲಿ ಎಲ್ಲಿ ಬಿಡಬೇಕು, ಬಲಗೈಯಿಂದಲೇ ಏಕೆ ಕೊಡಬೇಕು, ನಾವು ತಲೆ ಅಲ್ಲಾಡಿಸಿದರೆ ‘ಹೌದು’ ಎಂದೋ ‘ಇಲ್ಲ’ ಎಂದೋ, ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೇಕೆ: ಇವೆಲ್ಲ ನಮಗೆ ತಾಯಿಯ ಹಾಲಿನೊಡನೆ ಬಂದವು; ಅವರಿಗೆ ಯಾರಾದರೂ ಹೇಳಲೇಬೇಕು. ವಿರೂಪಾಕ್ಷನ ಗುಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ ತೊಡುವುದು ಅಲ್ಲಿ ಪೂಜಿಸುವವರಿಗೆ ಸಲ್ಲಿಸುವ ಗೌರವವೆಂದು ಮೆತ್ತಗೆ ತಿಳಿಸಿ. ತುಂಗಭದ್ರೆಯ ಸುಳಿಗಳ ಅಪಾಯವನ್ನು ಮಾತ್ರ ಗಟ್ಟಿಯಾಗಿಯೇ ಹೇಳಿ.

ತಪ್ಪಿದರೆ ನಗಬೇಡಿ. ಸಂಬಳ ಎಷ್ಟು, ಮದುವೆ ಏಕಾಗಿಲ್ಲ ಎಂದು ನಾವು ಅಕ್ಕರೆಯಿಂದ ಕೇಳುವ ಪ್ರಶ್ನೆಗಳು ಅವರಿಗೆ ಮುಜುಗರ ತರಬಹುದು. ಕಲಿಯಬೇಕಾದುದು ನಮಗೂ ಇದೆ. ಎಳನೀರಿಗೂ ಆಟೋಕ್ಕೂ ಅವರಿಂದ ಎರಡು ಪಟ್ಟು ಕೇಳುವುದು ಜಾಣತನವಲ್ಲ, ಕಳ್ಳತನ. ಪರದೇಶಿಯನ್ನು ನಮ್ಮವನಂತೆಯೇ ಪ್ರೀತಿಸಬೇಕೆಂದು ಯಾಜಕಕಾಂಡ ಆಜ್ಞಾಪಿಸುತ್ತದೆ. ಬೆಲೆಯಲ್ಲಿ ಭೇದ ಮಾಡಿ ಪ್ರೀತಿಯ ಮಾತಾಡಿದರೆ ಯಾರು ನಂಬಿಯಾರು?

ನಮ್ಮ ಧರ್ಮಸಭೆಯೇ ಇಂಥ ನೆರವಿನ ಋಣದಲ್ಲಿದೆ. ಫ್ರಾನ್ಸಿನಿಂದ 1792ರಲ್ಲಿ ಭಾರತಕ್ಕೆ ಬಂದ ಗುರು ಅಬ್ಬೆ ದುಬ್ವಾ ಮೈಸೂರು ಸೀಮೆಯಲ್ಲಿ ಹಲವು ವರ್ಷ ದುಡಿದು 1823ರಲ್ಲಿ ಹಿಂದಿರುಗಿದರು. ಇಲ್ಲಿನವರಂತೆ ಉಟ್ಟರು, ಇಲ್ಲಿನವರಂತೆ ಉಂಡರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ನೆಲದ ಮೇಲೆ ಕುಳಿತು ಕೈಯಿಂದ ಉಣ್ಣುವುದನ್ನು ಅವರಿಗೆ ಯಾರೋ ಕಲಿಸಿರಲೇಬೇಕು. ಕಲಿಸಿದವರ ಹೆಸರು ನಮಗೆ ಉಳಿದಿಲ್ಲ. ದೇವರು ಅದನ್ನು ಮರೆಯುವುದಿಲ್ಲ.

ಪ್ರಿಯರೇ, ಬೋವಜ ಆದರಿಸಿದ ಆ ಪರದೇಶಿ ಹೆಣ್ಣು ದಾವೀದ ಅರಸನ ಮುತ್ತಜ್ಜಿಯಾದಳು. ಯೇಸುಸ್ವಾಮಿಯ ವಂಶಾವಳಿಯಲ್ಲಿ ಅವಳ ಹೆಸರಿದೆ. ಬೋವಜನಿಗೆ ಆ ದಿನ ಇದಾವುದೂ ತಿಳಿದಿರಲಿಲ್ಲ; ಅವನಿಗೆ ಕಂಡದ್ದು ಬಿಸಿಲಲ್ಲಿ ಬಾಯಾರಿದ ಒಬ್ಬ ಹೆಣ್ಣುಮಗಳು ಮಾತ್ರ. ಅಂತಿಮ ತೀರ್ಪಿನ ದಿನ, ಅಪರಿಚಿತನಾಗಿ ಬಂದ ತನ್ನನ್ನು ಸೇರಿಸಿಕೊಂಡಿರೋ ಇಲ್ಲವೋ ಎಂದು ಪ್ರಭು ನಮ್ಮನ್ನು ಕೇಳಲಿದ್ದಾರೆ.

ಭಾನುವಾರದ ಪೂಜೆಯ ನಂತರ ಹಿಂದಿನ ಬೆಂಚಿನಲ್ಲಿ ಹೊಸ ಮುಖವೊಂದು ಒಂಟಿಯಾಗಿ ಕಂಡರೆ ಹಾಗೇ ಹೊರಟುಬಿಡಬೇಡಿ. ಹತ್ತಿರ ಹೋಗಿ ಮಾತಾಡಿಸಿ, ಮನೆಗೆ ಕರೆಯಿರಿ. ರೊಟ್ಟಿ-ಪಲ್ಯ ಇದ್ದರೆ ಸಾಕು. ನೆಲದ ಮೇಲೆ ಕೂರಲು ಬಾರದಿದ್ದರೆ ಒಂದು ಕುರ್ಚಿ ಹಾಕಿ.